ಸಂಸ್ಕಾರಕದ ತಿರುಳು ಮತ್ತು ಮೇರೆಯ ಮರ್ಮ



ಶ್ರೀಮಠದ ಮಹೋತ್ಸವದ ಅಂಗವಾಗಿ ಏರ್ಪಟ್ಟಿರುವ ಈ ಉಪನ್ಯಾಸಮಾಲೆಯಲ್ಲಿ ಗಣಕಯಂತ್ರದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ವಿಷಯವು ಬಹು ವಿಸ್ತಾರವಾದುದು, ಕಾಲವೋ ಅಲ್ಪವಾದುದು. ಆದಕಾರಣ ಗಣಕದ ಸಕಲ ಅಂಗಗಳನ್ನೂ ವರ್ಣಿಸಲು ಹೋಗದೆ ಒಂದೇ ಒಂದು ಪ್ರಶ್ನೆಯನ್ನೆತ್ತಿಕೊಂಡು, ಅದನ್ನು ನನ್ನ ಶಕ್ತ್ಯನುಸಾರ ಬಿಡಿಸಿ ಹೇಳಲು ಯತ್ನಿಸುವೆನು. ಪ್ರೊಸೆಸರ್ ಎಂದು ಲೋಕರೂಢಿಯಲ್ಲಿ ಕರೆಯಲ್ಪಡುವ ಸಂಸ್ಕಾರಕಗಳಲ್ಲಿ ಕೆಲವು ಒಂದೇ ಕೆಲಸಕ್ಕೆ ಮೀಸಲಾಗಿರುವುವು. ಮತ್ತೆ ಕೆಲವು ಪೂರ್ಣಾಂಗವಾದ ಕಾರ್ಯಾಚರಣ ವ್ಯವಸ್ಥೆಯನ್ನು, ಎಂದರೆ ಆಪರೇಟಿಂಗ್ ಸಿಸ್ಟಮ್ ಎಂಬ ಆಡಳಿತವನ್ನು, ಹೊತ್ತು ನಡೆಯಿಸಬಲ್ಲವು. ಇವೆರಡಕ್ಕೂ ಇರುವ ಭೇದವೇನು? ಆ ಭೇದದಿಂದ ನಮ್ಮ ನಿಮ್ಮಂಥವರಿಗೆ ಆಗತಕ್ಕದ್ದೇನು? ಇದೇ ಇಂದಿನ ಪ್ರಶ್ನೆ.

ಸಂಸ್ಕಾರಕವು ಮಾಡುವ ಕೆಲಸ ನೋಡುವುದಕ್ಕೆ ಸರಳವಾದುದು. ಮೆಮೊರಿ ಎಂಬ ಸ್ಮೃತಿಕೋಶದಿಂದ ಒಂದು ಆಜ್ಞೆಯನ್ನು ತರುವುದು, ಅದರ ಅರ್ಥವನ್ನು ತಿಳಿಯುವುದು, ಅದರಂತೆ ನಡೆಯುವುದು, ಬಳಿಕ ಮುಂದಿನ ಆಜ್ಞೆಗೆ ಕೈನೀಡುವುದು, ಇಷ್ಟೆ. ಈ ಕೆಲಸವನ್ನು ಸ್ವತಂತ್ರವಾಗಿ ನಡೆಯಿಸಬಲ್ಲ ಒಂದೊಂದು ಘಟಕಕ್ಕೆ ಕೋರ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ತಿರುಳೆಂದು ಕರೆಯೋಣ. ಪೂರ್ವದಲ್ಲಿ ಒಂದು ಚಿಪ್ಪಿಗೆ ಒಂದೇ ತಿರುಳಿರುತ್ತಿತ್ತು. ಈಗ ಅಂಗೈಯಲ್ಲಿ ಹಿಡಿಯುವ ಫೋನಿನಲ್ಲಿಯೂ ನಾಲ್ಕು, ಎಂಟು ತಿರುಳುಗಳಿರುವುದು ಸಾಮಾನ್ಯವಾಗಿದೆ.

ಬಟ್ಟೆ ಒಗೆಯುವ ಯಂತ್ರ, ಅಂಗಡಿಯ ವಿದ್ಯುತ್ ತಕ್ಕಡಿ ಮುಂತಾದವುಗಳೊಳಗೆ ಕುಳಿತಿರುವ ತಿರುಳು ಒಂಟಿಗಾರನಿದ್ದಂತೆ. ಹೊಲದ ಗುಡಿಸಲಲ್ಲಿ ಒಬ್ಬನೇ ಇರುವವನಿಗೆ ಬಾಗಿಲಿಗೆ ಬೀಗವೇಕೆ, ಗೋಡೆಗೆ ಗೋಡೆಯೇಕೆ? ಅಲ್ಲಿರುವ ಕ್ರಮವಿಧಿ ಒಂದೇ; ಅದನ್ನು ಕಾರ್ಖಾನೆಯಲ್ಲಿಯೇ ಬರೆದು ತುಂಬಿರುವರು. ಅದು ಸ್ಮೃತಿಕೋಶದ ಯಾವ ಮೂಲೆಯನ್ನು ಮುಟ್ಟಿದರೂ ಅದು ತನ್ನದೇ ಮನೆ. ಇಂಥ ತಿರುಳು ಸಣ್ಣದು, ಅಗ್ಗದ್ದು, ಅತ್ಯಲ್ಪ ವಿದ್ಯುತ್ತಿನಿಂದ ಬದುಕತಕ್ಕದ್ದು. ಹೀಗಿರುವುದರಿಂದ ಅದು ಕೀಳೆಂದು ಯಾರೂ ಭಾವಿಸಬಾರದು. ಅದರ ಸ್ಥಾನದಲ್ಲಿ ಅದೇ ಶ್ರೇಷ್ಠವಾದುದು.

ಆದರೆ ಫೋನಿನಲ್ಲಿ, ಮೇಜಿನ ಮೇಲಣ ಗಣಕದಲ್ಲಿ, ಬ್ಯಾಂಕಿನ ಲೆಕ್ಕವಿಡುವ ಯಂತ್ರದಲ್ಲಿ ಒಬ್ಬನೇ ಇರುವುದಿಲ್ಲ. ಅಲ್ಲಿ ಬ್ಯಾಂಕಿನ ಕ್ರಮವಿಧಿಯೂ ಇರುವುದು, ಹುಡುಗರ ಆಟದ ಕ್ರಮವಿಧಿಯೂ ಇರುವುದು, ಪತ್ರವ್ಯವಹಾರದ್ದೂ ಇರುವುದು. ಅವುಗಳನ್ನು ಬರೆದವರು ಒಬ್ಬರನ್ನೊಬ್ಬರು ಕಂಡವರಲ್ಲ, ನಂಬಿದವರೂ ಅಲ್ಲ. ಜಾತ್ರೆಯ ದಿನ ಒಂದೇ ಛತ್ರದಲ್ಲಿ ಇಳಿದುಕೊಂಡ ನಾನಾ ಊರಿನ ಯಾತ್ರಿಕರಂತೆ ಅವೆಲ್ಲವೂ ಒಂದೇ ಸ್ಮೃತಿಕೋಶದಲ್ಲಿ, ಒಂದೇ ತಿರುಳಿನ ಕಾಲವನ್ನು ಹಂಚಿಕೊಂಡು ಬಾಳಬೇಕಾಗಿರುವುದು. ಯಾರಿಗೆ ಎಷ್ಟು ಜಾಗ, ಯಾರಿಗೆ ಎಷ್ಟು ಹೊತ್ತು, ಯಾರು ಯಾವ ಬಾಗಿಲಿನಿಂದ ಬರತಕ್ಕದ್ದು ಎಂಬುದನ್ನು ನಿಶ್ಚಯಿಸುವ ಪಾರುಪತ್ಯವೇ ಕಾರ್ಯಾಚರಣ ವ್ಯವಸ್ಥೆ. ಲಿನಕ್ಸ್, ವಿಂಡೋಸ್, ಆಂಡ್ರಾಯ್ಡ್ ಎಂಬ ಹೆಸರುಗಳನ್ನು ತಾವೆಲ್ಲರೂ ಕೇಳಿರುವಿರಿ.

ಇಲ್ಲಿ ಒಂದು ಸೂಕ್ಷ್ಮವುಂಟು. ಪಾರುಪತ್ಯಗಾರನೂ ಒಂದು ಕ್ರಮವಿಧಿಯೇ. ಅವನೂ ಅದೇ ತಿರುಳಿನ ಮೇಲೆಯೇ ನಡೆಯತಕ್ಕವನು. ತಿರುಳು ಬೇರೊಂದು ಕ್ರಮವಿಧಿಯ ಆಜ್ಞೆಗಳನ್ನು ಪಾಲಿಸುತ್ತಿರುವಾಗ ಪಾರುಪತ್ಯಗಾರನು ಅಕ್ಷರಶಃ ನಿದ್ರಿತನಾಗಿರುವನು. ನಿದ್ರಿಸುತ್ತಿರುವ ಯಜಮಾನನು ಮನೆಯನ್ನು ಕಾಯುವ ಬಗೆ ಹೇಗೆ? ಕಾಯುವ ಕೆಲಸವನ್ನು ಗೋಡೆಗಳಿಗೂ ಬೀಗಗಳಿಗೂ ಒಪ್ಪಿಸಬೇಕು. ಎಂದರೆ ತಿರುಳಿನ ರಚನೆಯಲ್ಲಿಯೇ ಅದನ್ನು ಅಡಕಮಾಡಬೇಕು. ಪೂರ್ಣ ಕಾರ್ಯಾಚರಣ ವ್ಯವಸ್ಥೆಗೆ ತಕ್ಕ ತಿರುಳಿನ ಮುಖ್ಯ ಲಕ್ಷಣ ವೇಗವೆಂದು ಅನೇಕರು ತಿಳಿದಿರುವರು. ವೇಗವೂ ಬೇಕಾದುದೇ, ಆದರೆ ಮೇರೆಯನ್ನು ಕಾಯುವ ಶಕ್ತಿಯೇ ಅದರ ನಿಜವಾದ ಲಕ್ಷಣ. ಆ ಶಕ್ತಿಗೆ ನಾಲ್ಕು ಅಂಗಗಳುಂಟು.

ಮೊದಲನೆಯದು ಅಧಿಕಾರದ ಅಂತಸ್ತು. ಇಂಥ ತಿರುಳಿಗೆ ತಾನು ಈಗ ಯಾರ ಪರವಾಗಿ ದುಡಿಯುತ್ತಿರುವೆನೆಂಬ ಅರಿವಿರುವುದು. ಪಾರುಪತ್ಯಗಾರನ ಆಜ್ಞೆಯಾದರೆ ಎಲ್ಲ ಬಾಗಿಲುಗಳೂ ತೆರೆಯುವುವು. ಸಾಮಾನ್ಯ ಕ್ರಮವಿಧಿಯದಾದರೆ ಕೆಲವು ಆಜ್ಞೆಗಳನ್ನು ಅದು ಪಾಲಿಸದೆ, ಒಡನೆಯೇ ಪಾರುಪತ್ಯಗಾರನನ್ನು ಎಬ್ಬಿಸಿ ದೂರು ಒಪ್ಪಿಸುವುದು.

ಎರಡನೆಯದು ವಿಳಾಸಗಳ ಪರಿವರ್ತನೆ. ಇದನ್ನು ಹೊಲಗಳ ದೃಷ್ಟಾಂತದಿಂದ ಹೇಳುವೆನು. ಪ್ರತಿ ಮನೆತನದವರೂ ತಮ್ಮ ಹೊಲಗಳನ್ನು ಒಂದನೆಯದು, ಎರಡನೆಯದು ಎಂದು ತಮ್ಮ ರೂಢಿಯಂತೆ ಎಣಿಸಿಕೊಳ್ಳುವರು. ನೆಲದ ಮೇಲಿನ ನಿಜವಾದ ಸರ್ವೆ ನಂಬರು ಕುಲಕರ್ಣಿಯ ದಫ್ತರದಲ್ಲಿರುವುದು. ಇಬ್ಬರ ‘ಒಂದನೆಯ ಹೊಲ’ಗಳು ಬೇರೆ ಬೇರೆ ನೆಲಗಳೆಂಬುದು ದಫ್ತರವನ್ನು ನೋಡಿದ ಕೂಡಲೆ ತಿಳಿಯುವುದು. ಅದರಂತೆಯೇ ಪ್ರತಿ ಕ್ರಮವಿಧಿಯೂ ತನಗೆ ತೋರಿದ ವಿಳಾಸವನ್ನು ಹೇಳುವುದು. ತಿರುಳಿನೊಳಗಿನ ಸ್ಮೃತಿನಿರ್ವಾಹಕ ಘಟಕವು ಪಾರುಪತ್ಯಗಾರನು ಬರೆದಿಟ್ಟ ದಫ್ತರವನ್ನು ನೋಡಿ ಅದನ್ನು ನಿಜವಾದ ವಿಳಾಸಕ್ಕೆ ತಿರುಗಿಸುವುದು. ಸ್ಮೃತಿಕೋಶವನ್ನು ಸಾಮಾನ್ಯವಾಗಿ ೪,೦೯೬ ಬೈಟುಗಳ ಪುಟಗಳಾಗಿ ವಿಭಾಗಿಸಿರುವರು. ದಫ್ತರದಲ್ಲಿ ಪುಟಪುಟಕ್ಕೂ ಓದಬಹುದೆ, ಬರೆಯಬಹುದೆ, ಆಜ್ಞೆಯಾಗಿ ನಡೆಯಿಸಬಹುದೆ ಎಂಬ ಗುರುತುಗಳಿರುವುವು. ದಫ್ತರದಲ್ಲಿ ಇಲ್ಲದ ನೆಲವು ಆ ಕ್ರಮವಿಧಿಯ ಪಾಲಿಗೆ ಲೋಕದಲ್ಲಿಯೇ ಇಲ್ಲ. ಪ್ರತಿಸಾರಿಯೂ ದಫ್ತರವನ್ನು ತಿರುವಿದರೆ ಕಾಲಹರಣವಾಗುವುದರಿಂದ, ಈಚೆಗೆ ನೋಡಿದ ನಮೂದುಗಳನ್ನು ಒಂದು ಪುಟ್ಟ ಕೈಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಏರ್ಪಾಡೂ ತಿರುಳಿನಲ್ಲಿಯೇ ಉಂಟು.

ಮೂರನೆಯದು ಕಾಲದ ಗಂಟೆ. ಯಾವ ಕ್ರಮವಿಧಿಯೂ ತಿರುಳನ್ನು ಹಿಡಿದುಕೊಂಡು ಬಿಡದೆ ಕುಳ್ಳಿರಬಾರದು. ನಿಯಮಿತ ಕಾಲವು ಮುಗಿದೊಡನೆ ಗಡಿಯಾರವು ಗಂಟೆ ಬಾರಿಸುವುದು. ಒಪ್ಪಲಿ ಬಿಡಲಿ, ತಿರುಳು ಪಾರುಪತ್ಯಗಾರನ ಕೈಗೆ ಮರಳುವುದು. ನಾಲ್ಕನೆಯದು, ತಡೆದ ಕೆಲಸವನ್ನು ತಡೆದಲ್ಲಿಂದಲೇ ಮುಂದುವರಿಸುವ ಸಾಮರ್ಥ್ಯ. ಆಜ್ಞೆಯೊಂದು ಎಡವಿದರೆ ಯಾವ ಆಜ್ಞೆ, ಯಾವ ವಿಳಾಸದಲ್ಲಿ, ಏಕೆ ಎಡವಿತೆಂಬುದನ್ನು ತಿರುಳು ಕರಾರುವಾಕ್ಕಾಗಿ ಹೇಳಬೇಕು. ಅಡ್ಡಿಯನ್ನು ನಿವಾರಿಸಿದ ಬಳಿಕ ಏನೂ ನಡೆದಿಲ್ಲವೆಂಬಂತೆ ಅದೇ ಆಜ್ಞೆಯಿಂದ ಕೆಲಸವು ಸಾಗಬೇಕು. ಈ ನಾಲ್ಕು ಅಂಗಗಳಲ್ಲಿ ಒಂದು ಕುಂದಿದರೂ ಆಡಳಿತವು ಕುಂಟುವುದು. ಪರಿವರ್ತನ ಘಟಕವಿಲ್ಲದ ತಿರುಳುಗಳ ಮೇಲೆಯೂ ಲಿನಕ್ಸನ್ನು ನಡೆಯಿಸುವ ಒಂದು ರೂಪವು ೧೯೯೮ರಲ್ಲಿ ಹುಟ್ಟಿತು; ಉಪಯುಕ್ತವೂ ಆಯಿತು. ಆದರೆ ಅಲ್ಲಿ ಒಂದು ಕ್ರಮವಿಧಿಯ ಅಪರಾಧಕ್ಕೆ ಇಡೀ ಮನೆ ದಂಡ ತೆರಬೇಕಾಗುವುದು.

ಈ ವಿವೇಕವು ಒಂದೇ ದಿನದಲ್ಲಿ ಬಂದುದಲ್ಲ. ಅಮೆರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬವರು ಒಂದೇ ಗಣಕವನ್ನು ಹಲವರು ಏಕಕಾಲದಲ್ಲಿ ಬಳಸುವ ವಿಧಾನವನ್ನು ೧೯೬೧ರಲ್ಲಿ ತೋರಿಸಿಕೊಟ್ಟರು. ಅದಕ್ಕಾಗಿ ಐ.ಬಿ.ಎಂ. ಯಂತ್ರಕ್ಕೆ ಗಡಿಯಾರದ ಗಂಟೆಯನ್ನೂ ಸ್ಮೃತಿಯ ಮೇರೆಯನ್ನೂ ವಿಶೇಷವಾಗಿ ಜೋಡಿಸಬೇಕಾಯಿತು. ಮರುವರ್ಷ, ೧೯೬೨ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಟಾಮ್ ಕಿಲ್ಬರ್ನರ ನೇತೃತ್ವದಲ್ಲಿ ನಿರ್ಮಿತವಾದ ಅಟ್ಲಾಸ್ ಎಂಬ ಗಣಕವು ಪ್ರಾರಂಭೋತ್ಸವವನ್ನು ಕಂಡಿತು. ಪುಟಗಳ ದಫ್ತರದ ಯುಕ್ತಿಯು ಮೊದಲು ಕೈಗೂಡಿದ್ದು ಅದರಲ್ಲಿಯೇ. ೫೧೨ ಪದಗಳ ಪುಟಗಳನ್ನು ಮಾಡಿ, ಶೀಘ್ರವಾದ ಸಣ್ಣ ಸ್ಮೃತಿಯನ್ನೂ ನಿಧಾನವಾದ ದೊಡ್ಡ ಡ್ರಮ್ಮನ್ನೂ ಒಂದೇ ಕೋಶವೆಂಬಂತೆ ಅವರು ತೋರಿಸಿದರು.

ಮೇರೆಯಿಲ್ಲದಿದ್ದರೆ ಏನಾಗುವುದೆಂಬುದಕ್ಕೂ ಇತಿಹಾಸದಲ್ಲಿ ಸಾಕ್ಷಿಯುಂಟು. ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬ ಪ್ರಸಿದ್ಧರು ೧೯೬೯ರಲ್ಲಿ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದರು. ಬಳಿಕ ಅವರಿಗೆ ದೊರೆತ ಪಿ.ಡಿ.ಪಿ.-೧೧/೨೦ ಯಂತ್ರದಲ್ಲಿ ಸ್ಮೃತಿರಕ್ಷಣೆಯ ಏರ್ಪಾಡಿರಲಿಲ್ಲ. ಒಬ್ಬನು ಹೊಸ ಕ್ರಮವಿಧಿಯನ್ನು ಪರೀಕ್ಷಿಸಹೊರಟರೆ, ಅದರ ಒಂದು ತಪ್ಪಿನಿಂದ ಜೊತೆಯಲ್ಲಿ ಕುಳಿತವರೆಲ್ಲರ ಕೆಲಸವೂ ಮಣ್ಣುಪಾಲಾಗಬಹುದಾಗಿತ್ತು. ಜಾಣರೇ ಸೇರಿದ್ದರೂ, ಸಜ್ಜನರೇ ಸೇರಿದ್ದರೂ, ಗೋಡೆಯಿಲ್ಲದ ಮನೆಯಲ್ಲಿ ಒಬ್ಬರ ಎಡವಟ್ಟು ಎಲ್ಲರಿಗೂ ತಟ್ಟುವುದು.

ಆ ಕಾಲದಲ್ಲಿ ಇಂಥ ತಿರುಳು ಕೋಣೆಯಷ್ಟು ದೊಡ್ಡ ಯಂತ್ರಗಳ ಸೊತ್ತಾಗಿದ್ದಿತು. ಇಂಟೆಲ್ ಕಂಪನಿಯವರು ೧೯೮೫ರಲ್ಲಿ ಹೊರತಂದ ೮೦೩೮೬ ಎಂಬ ಚಿಪ್ಪಿನಲ್ಲಿ ಸುಮಾರು ೨,೭೫,೦೦೦ ಟ್ರಾನ್ಸಿಸ್ಟರುಗಳೊಳಗೆ ಅಂತಸ್ತೂ ಪುಟಗಳ ದಫ್ತರವೂ ಅಡಕವಾದುವು. ಆರು ವರ್ಷಗಳ ಮೇಲೆ, ೧೯೯೧ರಲ್ಲಿ, ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆ ಚಿಪ್ಪಿನ ಸಾಮರ್ಥ್ಯವನ್ನೇ ಆಧಾರಮಾಡಿಕೊಂಡು ಲಿನಕ್ಸನ್ನು ಬರೆಯಲಾರಂಭಿಸಿದನು. ಇತ್ತ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಸೋಫೀ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಇವರು ರೂಪಿಸಿದ ಆರ್ಮ್ ಎಂಬ ಮಿತವ್ಯಯದ ತಿರುಳೂ ೧೯೮೫ರಲ್ಲಿಯೇ ಹುಟ್ಟಿತು. ಆ ವಂಶದಲ್ಲಿ ಇಂದು ಕಾರ್ಟೆಕ್ಸ್-ಎಂ ಎಂಬುದು ಒಂಟಿಗಾರರ ಶಾಖೆ, ಕಾರ್ಟೆಕ್ಸ್-ಎ ಎಂಬುದು ಪೂರ್ಣ ವ್ಯವಸ್ಥೆಯನ್ನು ಹೊರುವವರ ಶಾಖೆ.

ಇಲ್ಲಿ ನಮ್ಮ ನಾಡಿನ ಒಂದು ಪ್ರಯತ್ನವನ್ನು ಸ್ಮರಿಸುವುದು ಉಚಿತವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು ಮೊದಲಾದ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯವರೂ ಸೇರಿ ಸಿಂಪ್ಯೂಟರ್ ಎಂಬ ಅಂಗೈ ಗಣಕವನ್ನು ೨೦೦೧ರಲ್ಲಿ ಲೋಕದ ಮುಂದಿಟ್ಟರು. ಬಡವರಿಗೂ ನಿರಕ್ಷರರಿಗೂ ಎಟುಕತಕ್ಕ ಗಣಕವೊಂದು ಬೇಕೆಂಬುದು ಅವರ ಸಂಕಲ್ಪವಾಗಿದ್ದಿತು. ಅದರೊಳಗಿದ್ದ ತಿರುಳು ಆರ್ಮ್ ವಂಶದ ಸ್ಟ್ರಾಂಗ್‌ಆರ್ಮ್. ಅದು ೨೦೬ ಮೆಗಾಹರ್ಟ್ಸ್ ವೇಗದ್ದು, ಸ್ಮೃತಿನಿರ್ವಾಹಕ ಘಟಕವುಳ್ಳದ್ದು. ಅದರ ಮೇಲೆ ಲಿನಕ್ಸ್ ನಡೆಯುತ್ತಿದ್ದಿತು. ಇಂದಿನ ಫೋನುಗಳು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಪೂರ್ಣ ಕಾರ್ಯಾಚರಣ ವ್ಯವಸ್ಥೆಯನ್ನು ಅಂಗೈಯಲ್ಲಿಟ್ಟು ತೋರಿಸಿದ ಕೃತಿಯಿದು.

ಅದರಲ್ಲಿ ನನ್ನ ಮನಸ್ಸನ್ನು ಸೆಳೆದುದು ಒಂದು ವಿಶೇಷ. ಒಂದೊಂದು ಮನೆಗೆ ಒಂದೊಂದು ಯಂತ್ರವನ್ನು ಕೊಳ್ಳಲಾಗದ ಹಳ್ಳಿಯಲ್ಲಿ ಒಂದು ಯಂತ್ರವನ್ನು ಹಲವರು ಹಂಚಿಕೊಳ್ಳಲೆಂದು, ಅದರಲ್ಲಿ ಸ್ಮಾರ್ಟ್ ಕಾರ್ಡನ್ನು ಸೇರಿಸುವ ಕಂಡಿಯನ್ನಿಟ್ಟಿದ್ದರು. ಯಂತ್ರವು ಊರಿನದು, ಕಾರ್ಡಿನಲ್ಲಿರುವ ವಿವರ ಮಾತ್ರ ಅವರವರದು. ಹಂಚಿಕೊಳ್ಳುವುದು ದೊಡ್ಡ ಗುಣವೆಂಬುದನ್ನು ದಾಸೋಹವನ್ನು ಕಂಡ ತಮಗೆ ನಾನು ಹೇಳಬೇಕಾಗಿಲ್ಲ. ಆದರೆ ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತರೂ ಒಬ್ಬೊಬ್ಬರ ಮುಂದೆ ಒಂದೊಂದು ಎಲೆಯಿರುವುದಷ್ಟೆ? ಆ ಎಲೆಯ ಅಂಚೇ ಮೇರೆ. ಸಿಂಪ್ಯೂಟರು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅದರ ರಚನೆಯನ್ನು ಅವರು ಸಾರ್ವಜನಿಕರ ಮುಂದೆ ತೆರೆದಿಟ್ಟಿದ್ದರೂ ಒಳಗಿನ ತಿರುಳು ಮಾತ್ರ ಪರದೇಶದ ಕಂಪನಿಯದು, ಮುಚ್ಚಿದ ಪೆಟ್ಟಿಗೆ. ಆ ತಿರುಳಿನ ತಯಾರಿಕೆಯು ನಿಂತರೆ ಅದನ್ನು ನಂಬಿದವರು ಬೇರೆ ತಿರುಳನ್ನು ಹುಡುಕಬೇಕಲ್ಲದೆ ತಾವಾಗಿಯೇ ಮಾಡಿಕೊಳ್ಳುವಂತಿರಲಿಲ್ಲ.

ಮುಚ್ಚಿದ ಪೆಟ್ಟಿಗೆಯ ಮತ್ತೊಂದು ಅಪಾಯವು ೨೦೧೮ರ ಜನವರಿಯಲ್ಲಿ ಜಗತ್ತಿಗೆಲ್ಲ ತಿಳಿಯಿತು. ವೇಗದ ಆಸೆಯಿಂದ ದೊಡ್ಡ ತಿರುಳುಗಳು ಮುಂದೆ ಬರಬಹುದಾದ ಆಜ್ಞೆಗಳನ್ನು ಊಹಿಸಿ, ಅನುಮತಿಯುಂಟೆ ಇಲ್ಲವೆ ಎಂಬುದು ಇತ್ಯರ್ಥವಾಗುವ ಮೊದಲೇ ಅವುಗಳನ್ನು ನಡೆಯಿಸಿಬಿಡುವುವು. ಊಹೆ ತಪ್ಪಾದರೆ ಫಲವನ್ನು ಅಳಿಸಿಹಾಕುವುವು. ಆದರೆ ಅಳಿಸಿದ ಮೇಲೆಯೂ ಹೆಜ್ಜೆಯ ಗುರುತು ಉಳಿಯುವುದು. ಶೀಘ್ರಸ್ಮೃತಿಯಲ್ಲಿ ಯಾವುದು ಬೇಗ ದೊರೆಯುವುದು, ಯಾವುದು ತಡವಾಗುವುದು ಎಂಬುದನ್ನು ಅಳೆದು ಮೇರೆಯಾಚೆಯ ಗುಟ್ಟನ್ನು ಅರಿಯಬಹುದೆಂದು ಸಂಶೋಧಕರು ತೋರಿಸಿದರು. ಈ ದೋಷಗಳಿಗೆ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂದು ಹೆಸರಾಯಿತು. ಅನೇಕ ವರ್ಷಗಳಿಂದ ಮಾರಾಟವಾಗಿದ್ದ ಚಿಪ್ಪುಗಳಲ್ಲಿ ಗೋಡೆಯು ನಿಂತೇ ಇತ್ತು. ಗೋಡೆಯಾಚೆಯ ಪಿಸುಮಾತು ಮಾತ್ರ ಈಚೆಗೆ ಕೇಳಿಸುತ್ತಿದ್ದಿತು. ಆಜ್ಞೆಗಳನ್ನು ಸರದಿಯಂತೆಯೇ ನಡೆಯಿಸುವ ಸರಳ ತಿರುಳುಗಳು, ಆಗಿನ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಗಣಕದಲ್ಲಿದ್ದಂಥವು, ಈ ಬಾಧೆಯಿಂದ ಪಾರಾದುವು. ಉಳಿದವುಗಳಿಗೆ ಕಾರ್ಯಾಚರಣ ವ್ಯವಸ್ಥೆಯಲ್ಲಿ ಹೊಸ ಕಾವಲುಗಳನ್ನು ಹಾಕಬೇಕಾಯಿತು. ಅದರಿಂದ ವೇಗವು ಕೊಂಚ ಕುಗ್ಗಿತು. ಕಾವಲಿನ ಬೆಲೆಯನ್ನು ಮೊದಲೇ ತೆರದಿದ್ದರೆ ಆಮೇಲಾದರೂ ತೆರಬೇಕಾಗುವುದು.

ಹಾಗಾದರೆ ದಾರಿ ಯಾವುದು? ತಿರುಳಿನ ಭಾಷೆಯನ್ನೇ, ಎಂದರೆ ಅದು ತಿಳಿಯತಕ್ಕ ಆಜ್ಞೆಗಳ ನಿಘಂಟನ್ನೇ, ಯಾರೂ ಶುಲ್ಕವಿಲ್ಲದೆ ಬಳಸುವಂತೆ ತೆರೆದಿಡುವುದು ಒಂದು ದಾರಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಕ್ರಿಸ್ಟೆ ಅಸನೋವಿಚ್ ಮತ್ತು ಅವರ ಶಿಷ್ಯರು ೨೦೧೦ರಲ್ಲಿ ಪ್ರಾರಂಭಿಸಿದ ರಿಸ್ಕ್-ಫೈವ್ ಅಂಥದು. ಅದರಲ್ಲಿ ಯಂತ್ರ, ಪಾರುಪತ್ಯಗಾರ, ಬಳಕೆದಾರ ಎಂಬ ಮೂರು ಅಂತಸ್ತುಗಳುಂಟು. ಒಂಟಿಗಾರ ತಿರುಳಿಗೆ ಮೊದಲನೆಯದೊಂದೇ ಸಾಕು. ಪೂರ್ಣ ವ್ಯವಸ್ಥೆಗೆ ಮೂರೂ ಬೇಕು. ೬೪ ಬಿಟ್ಟುಗಳ ತಿರುಳುಗಳಲ್ಲಿ ಪ್ರಚಲಿತವಾದ ಅದರ ಒಂದು ವಿಧಾನದಂತೆ ವಿಳಾಸವು ೩೯ ಬಿಟ್ಟುಗಳಷ್ಟು ಉದ್ದವಿದ್ದು, ದಫ್ತರವು ಮೂರು ಮೆಟ್ಟಿಲುಗಳದಾಗಿರುವುದು. ಮದ್ರಾಸಿನ ಐ.ಐ.ಟಿ.ಯಲ್ಲಿ ವಿ. ಕಾಮಕೋಟಿಯವರ ಮಾರ್ಗದರ್ಶನದಲ್ಲಿ ಈ ಭಾಷೆಯನ್ನು ಅನುಸರಿಸಿ ಶಕ್ತಿ ಎಂಬ ತಿರುಳುಗಳ ಕುಟುಂಬವೇ ರಚಿತವಾಯಿತು. ಅದರಲ್ಲಿ ‘ಇ’ ವರ್ಗವು ಒಂಟಿಗಾರ. ‘ಸಿ’ ವರ್ಗವು ಸರದಿಯಂತೆ ನಡೆಯುವ ಐದು ಹಂತಗಳದು, ಲಿನಕ್ಸನ್ನು ಹೊರಬಲ್ಲದು. ೨೦೧೮ರಲ್ಲಿ ಇಂಟೆಲ್ ಕಂಪನಿಯ ಅಮೆರಿಕೆಯ ಕಾರ್ಖಾನೆಯಲ್ಲಿ ೨೨ ನ್ಯಾನೋಮೀಟರ್ ವಿಧಾನದಿಂದ ತಯಾರಿಸಿದ ಶಕ್ತಿ ಚಿಪ್ಪಿನ ಮೇಲೆ ಲಿನಕ್ಸ್ ನಡೆಯಿತು. ಅದೇ ವರ್ಷ ಚಂಡೀಗಢದ ನಮ್ಮ ಸರಕಾರಿ ಪ್ರಯೋಗಾಲಯದಲ್ಲಿಯೂ ೧೮೦ ನ್ಯಾನೋಮೀಟರ್ ವಿಧಾನದಿಂದ ಇನ್ನೊಂದು ಚಿಪ್ಪು ಸಿದ್ಧವಾಯಿತು. ರಚನೆಯು ತೆರೆದಿರುವುದರಿಂದ ಅದರ ಗೋಡೆಗಳನ್ನು ಯಾವ ವಿದ್ಯಾರ್ಥಿಯಾದರೂ ತಟ್ಟಿ ನೋಡಬಹುದು.

ತೆರೆದಿಟ್ಟ ಮಾತ್ರಕ್ಕೆ ಎಲ್ಲವೂ ನಿರ್ದುಷ್ಟವಾಗುವುದೆಂದು ನಾನು ಹೇಳಲಾರೆನು. ತೆರೆದ ಮನೆಯಲ್ಲಿಯೂ ಬಿರುಕಿರಬಹುದು. ಆದರೆ ಅಲ್ಲಿ ಬಿರುಕನ್ನು ಕಂಡವನು ಬೆರಳಿಟ್ಟು ತೋರಿಸಬಹುದು, ಕೈಲಾದವನು ಮುಚ್ಚಬಹುದು. ಯಾರ ಅನುಮತಿಗೂ ಕಾಯಬೇಕಾಗಿಲ್ಲ. ಇದು ಅಲ್ಪ ಲಾಭವಲ್ಲ.

ಕೊನೆಯದಾಗಿ ನಿತ್ಯವ್ಯವಹಾರಕ್ಕೆ ಸಂಬಂಧಪಟ್ಟ ಎರಡು ಮಾತುಗಳನ್ನು ನಿವೇದಿಸುವೆನು. ತಮ್ಮ ಫೋನಿಗೆ ಕಾಲಕಾಲಕ್ಕೆ ಬರುವ ಪರಿಷ್ಕರಣಗಳನ್ನು ಉಪೇಕ್ಷಿಸಬೇಡಿರಿ. ತಿರುಳಿನ ಬಿರುಕುಗಳಿಗೆ ಹಾಕುವ ತೇಪೆಗಳು ಅನೇಕ ವೇಳೆ ಆ ಮಾರ್ಗವಾಗಿಯೇ ಬರತಕ್ಕವು. ಪರಿಷ್ಕರಣವು ನಿಂತುಹೋದ ಹಳೆಯ ಫೋನಿನಲ್ಲಿ ಹಣದ ವ್ಯವಹಾರವನ್ನಿಟ್ಟುಕೊಳ್ಳುವುದು ಕ್ಷೇಮವಲ್ಲ. ಎರಡನೆಯದಾಗಿ, ತಿರುಳು ಎಷ್ಟೇ ಬಲವಾಗಿ ಮೇರೆಯನ್ನು ಕಾಯ್ದರೂ, ಅಪರಿಚಿತನು ಕರೆಮಾಡಿ ಕೇಳಿದ ಗುಪ್ತ ಸಂಖ್ಯೆಯನ್ನು ನಾವೇ ಹೇಳಿಬಿಟ್ಟರೆ, ಯಾವುದೋ ಆಟದ ಕ್ರಮವಿಧಿಯು ಬೇಡಿದ ಅನುಮತಿಗಳಿಗೆಲ್ಲ ಹೂಂಗುಟ್ಟಿದರೆ, ಅದು ಏನು ಮಾಡೀತು? ಮನೆಯವರೇ ಬಾಗಿಲನ್ನು ತೆರೆದರೆ ಬೀಗವು ಮೌನವಾಗಿರುವುದು.

ವಿದ್ಯಾರ್ಥಿಗಳಿಗೆ ಬೇರೊಂದು ಮಾತುಂಟು. ಚಿಪ್ಪುಗಳನ್ನು ರಚಿಸುವ ಕೆಲಸವು ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಬೆಂಗಳೂರಿಗೆ ಬಂದಂದಿನಿಂದ ನಮ್ಮ ನಾಡಿನಲ್ಲಿ ಬೇರೂರಿರುವುದು. ಅನೇಕ ಪರದೇಶೀ ಚಿಪ್ಪುಗಳ ಭಾಗಗಳು ಇಲ್ಲಿಯೇ ರಚಿತವಾಗುತ್ತಿರುವುವು. ಕೈಯಲ್ಲಿ ಕಸುಬುಂಟು; ತಿರುಳಿನ ಭಾಷೆಯೂ ಈಗ ತೆರೆದಿರುವುದು. ಅದನ್ನು ಕಲಿಯುವವನು ಮೊದಲು ವೇಗವನ್ನಲ್ಲ, ಮೇರೆಯನ್ನು ಅಭ್ಯಸಿಸಲಿ. ಯಾವ ಆಜ್ಞೆಯನ್ನು ಪಾಲಿಸಬೇಕು, ಯಾವುದನ್ನು ನಿರಾಕರಿಸಬೇಕು ಎಂಬುದನ್ನು ಬಲ್ಲ ತಿರುಳೇ ನಾನಾ ಜನರ ಬಾಳನ್ನು ಒಂದೇ ಸೂರಿನಡಿ ಕಾಪಾಡಬಲ್ಲದು. ಅಂಥದೊಂದನ್ನು ಈ ಸಭೆಯಲ್ಲಿರುವ ಯಾವನಾದರೊಬ್ಬ ಹುಡುಗನೋ ಹುಡುಗಿಯೋ ಮುಂದೆ ರಚಿಸುವಂತಾಗಲೆಂದು ಹಾರೈಸುವೆನು.